ಗುಳಿಗೆಯ ನೆಮ್ಮದಿ, ಬದುಕಿನ ನ್ಯಾಯ

ನವಲಗುಂದ ತಾಲ್ಲೂಕಿನ ಪರಿಚಿತ ರೈತರೊಬ್ಬರು ಈಚೆಗೆ ಭೇಟಿಯಾದಾಗ ಅಂಗಿಯ ಕಿಸೆಯಿಂದ ಗುಳಿಗೆಗಳನ್ನು ತೆಗೆದು ತೋರಿಸಿದರು. ‘ಇದನ್ನ ತಗೊಂಡ್ರ ಚಿಂತಿ ಕಾಣೂದಿಲ್ರೀ ಸಾಹೇಬ್ರ. ಸಾಲ ಮಾತ್ರ ಅಲ್ಲೇ ಐತಿ’ ಎಂದರು. ವೈದ್ಯರ ಚೀಟಿ ಇರಲಿಲ್ಲ. ಔಷಧ ಅಂಗಡಿಯಲ್ಲಿ ಕೇಳಿ ಪಡೆದ ಅಲ್ಪ್ರಜೋಲಾಂ ಅದು.

ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಒಪ್ಪಿಗೆ ಪಡೆದ ಮೇಲೆ, ರೋಗವಿಲ್ಲದವನೂ ಇನ್ನಷ್ಟು ಉಲ್ಲಾಸಕ್ಕಾಗಿ ಗುಳಿಗೆ ಸೇವಿಸುವುದು ಸರಿಯೇ ಎಂಬ ಚರ್ಚೆ ಅಲ್ಲಿ ಬಲವಾಗಿ ನಡೆಯಿತು. ಉಳ್ಳವರ ಈ ಪ್ರಶ್ನೆ ನವಲಗುಂದ, ಕುಂದಗೋಳದ ಮಟ್ಟಿಗೆ ದೂರದ್ದೆನಿಸಬಹುದು. ಆದರೆ ಬೇರೊಂದು ರೂಪದಲ್ಲಿ ಅದು ಇಲ್ಲಿಯೂ ಇದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಖಿನ್ನತೆ ಒಂದು ಕಾಯಿಲೆ. ‘ಮನಸ್ಸು ಗಟ್ಟಿ ಮಾಡಿಕೊ’ ಎಂದು ರೋಗಿಯನ್ನು ಔಷಧದಿಂದ ದೂರವಿಡುವುದು ನೈತಿಕತೆಯಲ್ಲ, ಕ್ರೌರ್ಯ. ಧಾರವಾಡದಲ್ಲಿ 19ನೇ ಶತಮಾನದಲ್ಲೇ ಆರಂಭವಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿ ಬೆಳೆದಿದೆ. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯವಿದೆ. ಆದರೂ ‘ಹುಚ್ಚರ ದವಾಖಾನಿ’ ಎಂಬ ಕಳಂಕಕ್ಕೆ ಅಂಜಿ ಅನೇಕರು ಅತ್ತ ಸುಳಿಯುವುದಿಲ್ಲ. ಅಲ್ಪ್ರಜೋಲಾಂ ಚಟ ಹಿಡಿಸುವ ಔಷಧ. ಅದರ ಮಾರಾಟಕ್ಕೆ ವೈದ್ಯರ ಚೀಟಿಯೂ ಅಂಗಡಿಯ ದಾಖಲೆಯೂ ಕಡ್ಡಾಯ ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ಪಾಲನೆಯಾಗಬೇಕಾದುದು ಆ ನಿಯಮ.

ಆದರೆ ಎಲ್ಲ ದುಃಖವೂ ಕಾಯಿಲೆಯಲ್ಲ. ಕೊಯ್ಲಿನ ಹೊತ್ತಿಗೆ ಸುರಿದ ಮಳೆಯಲ್ಲಿ ಹೆಸರು ಕೊಳೆತಾಗ, ಉಳ್ಳಾಗಡ್ಡಿಯ ದರ ಕುಸಿದಾಗ ಆಗುವ ಸಂಕಟವು ಪರಿಸ್ಥಿತಿಯ ಬಗ್ಗೆ ಮನಸ್ಸು ನೀಡುವ ಸರಿಯಾದ ತೀರ್ಪು. ಬಡವರು ಬವಣೆಗೆ ಒಗ್ಗಿಕೊಂಡು ಬಿಡುವುದರಿಂದ, ಅವರ ಸಂತೋಷವನ್ನಷ್ಟೇ ಅಳೆದು ಅವರ ಬದುಕು ಚೆನ್ನಾಗಿದೆ ಎನ್ನಲಾಗದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎಚ್ಚರಿಸಿದ್ದಾರೆ. ಗುಳಿಗೆಯಿಂದ ತಂದ ಸಂತೋಷಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ಸಿಡಿದೆದ್ದರು. ಗುಂಡಿಗೆ ಬಲಿಯಾದವರೂ ಉಂಟು. ರಾಜ್ಯದ ರೈತ ಚಳವಳಿಗೆ ಆ ಘಟನೆ ತಿರುವು ನೀಡಿತು. ಆ ಅಸಮಾಧಾನ ಕಾಯಿಲೆಯಾಗಿರಲಿಲ್ಲ. ಗುಳಿಗೆ ಅದಕ್ಕೆ ಮದ್ದೂ ಆಗುತ್ತಿರಲಿಲ್ಲ.

ಸಂಕಟ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಆರಂಭವಾಯಿತೆಂಬುದನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಅಂಗಡಿಕಾರರಲ್ಲ. ಅದಕ್ಕಾಗಿ ಮನೋವೈದ್ಯರ ಸೇವೆ ಕಲಘಟಗಿ, ಅಣ್ಣಿಗೇರಿಯಂಥ ಊರುಗಳಿಗೂ ನಿಯಮಿತವಾಗಿ ತಲುಪಬೇಕು. ಔಷಧದ ನೈತಿಕತೆಗೆ ಒರೆಗಲ್ಲು ಒಂದೇ: ಅದು ಮನುಷ್ಯನಿಗೆ ತನ್ನ ಬದುಕನ್ನು ಎದುರಿಸುವ ಶಕ್ತಿಯನ್ನು ಮರಳಿಸುತ್ತದೆಯೇ, ಇಲ್ಲವೇ ಬದುಕನ್ನೇ ಅವನಿಂದ ಮರೆಮಾಡುತ್ತದೆಯೇ?

ಧಾರವಾಡಕ್ಕೆ ಹೋಗಿ ವೈದ್ಯರನ್ನು ಕಾಣುವಂತೆ ಆ ರೈತರಿಗೆ ಹೇಳಿದೆ. ಒಪ್ಪಿದರು. ಸಾಲಕ್ಕೆ ಯಾರನ್ನು ಕಾಣಬೇಕೆಂದು ಕೇಳಿದರು. ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನನ್ನಲ್ಲಿ ಅದಕ್ಕೆ ಅಷ್ಟು ಖಚಿತವಾದ ಉತ್ತರವಿರಲಿಲ್ಲ.