ಹೊಟ್ಟೆ ಕೊಯ್ಸಿಕೊಂಡು ಹಸೆಮಣೆಗೆ

ಮಾನ್ವಿಯಲ್ಲಿರುವ ನನ್ನ ತಂಗಿ ಹೋದ ತಿಂಗಳು ರಾಯಚೂರಿಗೆ ಬಂದಾಗ ಅವಳ ಬ್ಯಾಗಿನಿಂದ ಬಣ್ಣದ ಕಾಗದವೊಂದು ಹೊರಬಂತು. ಹೈದರಾಬಾದಿನ ಯಾವುದೋ ಆಸ್ಪತ್ರೆಯದು. ಒಂದು ಬದಿಗೆ ದಪ್ಪ ಹೆಂಗಸಿನ ಚಿತ್ರ, ಇನ್ನೊಂದು ಬದಿಗೆ ಅದೇ ಹೆಂಗಸು ಸಣ್ಣಗಾಗಿ ನಗುತ್ತಿರುವ ಚಿತ್ರ. ಕೆಳಗೆ ಕಂತಿನಲ್ಲಿ ಹಣ ಕಟ್ಟುವ ಸೌಲಭ್ಯದ ವಿವರ. ಮಗಳನ್ನು ನೋಡಲು ಬಂದ ಮೂರು ಕಡೆಯವರು 'ಹುಡುಗಿ ತುಸು ದಪ್ಪ' ಎಂದು ಹೇಳಿ ಕಳಿಸಿದ್ದಾರೆ. ಅದಕ್ಕೇ ಹೊಟ್ಟೆ ಆಪರೇಶನ್ ಮಾಡಿಸಿಬಿಡುವುದೆಂದು ತಾಯಿ, ಮಗಳು ತೀರ್ಮಾನಿಸಿ ನನ್ನ ಬಳಿ ಕೈಗಡ ಕೇಳಲು ಬಂದಿದ್ದರು.

"ಎಷ್ಟು ತೂಕ ಇದ್ದೀಯವ್ವಾ?" ಎಂದೆ.

"ಅರವತ್ತಾರು ಕಿಲೊ, ದೊಡ್ಡವ್ವ."

ಎತ್ತರ ಐದಡಿ ಎರಡಂಗುಲ. ಲೆಕ್ಕ ಹೇಳಿಕೊಡುವವಳ ಚಟ, ಅಲ್ಲೇ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಕಿಲೊದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಡಾಕ್ಟರರು ಹೇಳುವ ಸೂಚ್ಯಂಕ ಸಿಗುತ್ತದೆ. ಇವಳದು 27ಕ್ಕಿಂತ ಸ್ವಲ್ಪ ಕಡಿಮೆ. 1991ರಲ್ಲಿ ಅಮೆರಿಕದ ತಜ್ಞರು ಇಂಥ ಆಪರೇಶನ್ನಿಗೆ ಹಾಕಿದ ಗೆರೆ 40. ಸಕ್ಕರೆ ಕಾಯಿಲೆಯಂಥದು ಇದ್ದರೆ 35. 2022ರಲ್ಲಿ ಸರ್ಜನ್ನರ ಸಂಘಗಳು ಆ ಗೆರೆಯನ್ನು ಕೆಳಗಿಳಿಸಿ, ನಮ್ಮಂಥ ಏಷ್ಯಾದವರಿಗೆ 27.5 ಎಂದವು. ಆ ಇಳಿಸಿದ ಗೆರೆಯನ್ನೂ ಈ ಹುಡುಗಿ ಮುಟ್ಟುವುದಿಲ್ಲ. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ಆದರೂ ಆಸ್ಪತ್ರೆಯವರು ಫೋನಿನಲ್ಲೇ 'ಬನ್ನಿ' ಎಂದಿದ್ದಾರೆ! ಇದು ರೋಗಕ್ಕೆ ಮಾಡುವ ಆಪರೇಶನ್ನೋ, ವರನಿಗೆ ಮಾಡುವ ಆಪರೇಶನ್ನೋ ನೀವೇ ಹೇಳಿ.

ಆಪರೇಶನ್ ಎಂಬುದೇ ಕೆಟ್ಟದ್ದು ಎನ್ನುವ ಹಟ ನನಗಿಲ್ಲ. ನೂರಿಪ್ಪತ್ತು ಕಿಲೊ ತೂಗುತ್ತ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ ಹಂತಕ್ಕೆ ಬಂದವರಿಗೆ ಅದು ಜೀವ ಉಳಿಸುತ್ತದೆ. ಅಂಥ ಜನರನ್ನು ಸ್ವೀಡನ್ನಿನಲ್ಲಿ ವರ್ಷಗಟ್ಟಲೆ ಗಮನಿಸಿ, ಆಪರೇಶನ್ ಆದವರಲ್ಲಿ ಸಾವು ಕಡಿಮೆಯೆಂದು 2007ರಲ್ಲಿ ಪ್ರಕಟಿಸಿದರು. ಒಳ್ಳೆಯ ಆಸ್ಪತ್ರೆಗಳಲ್ಲಿ ಆಪರೇಶನ್ನಿನಿಂದ ಸಾಯುವವರೂ ಸಾವಿರಕ್ಕೆ ಒಬ್ಬಿಬ್ಬರು. ಸರಿ. ಆದರೆ ರೋಗವೇ ಇಲ್ಲದವಳು ಆ ಒಬ್ಬಿಬ್ಬರಲ್ಲಿ ಒಬ್ಬಳಾಗುವ ಚೀಟಿ ಏಕೆ ಎತ್ತಬೇಕು?

ಬಣ್ಣದ ಕಾಗದದಲ್ಲಿ ಬರೆಯದ್ದನ್ನು ನಾನೇ ಕೂಡಿಸಿಕೊಂಡು ಹೇಳಿದೆ. ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ಎಸೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ತೆಗೆದದ್ದನ್ನು ಮರಳಿ ಜೋಡಿಸಲಾಗದು. ಹೊಲಿಗೆ ಹಾಕಿದಲ್ಲಿ ಸೋರಿದರೆ ಹೊಟ್ಟೆಯೆಲ್ಲ ಕೀವು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಹೋದೀತು. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಗುಳಿಗೆಗಳು ಬದುಕಿರುವತನಕ.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದು. ಆಪರೇಶನ್ ಆದ ಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭ ಧರಿಸಬಾರದೆಂದು ಡಾಕ್ಟರರು ಹೇಳುತ್ತಾರೆ. ನಮ್ಮ ಕಡೆ ಮದುವೆಯಾಗಿ ಮೂರು ತಿಂಗಳಿಗೆ 'ಏನಾದರೂ ವಿಶೇಷ ಐತೇನು?' ಎಂದು ಕೇಳಲು ಸುರುಮಾಡುತ್ತಾರೆ. ಆಪರೇಶನ್ ಸಂಗತಿ ಬೀಗರಿಗೆ ಹೇಳುವ ಹಾಗಿಲ್ಲ. ಇವಳು ಎರಡು ತುತ್ತು ಉಂಡು ಕೈ ತೊಳೆದರೆ 'ಸೊಸಿಗೆ ನಮ್ಮ ಮನಿ ಅಡಿಗಿ ಸೇರೂದಿಲ್ಲ' ಎಂಬ ಮಾತು ಬೇರೆ. ಇದನ್ನು ಹೇಳಿದಾಗ ಮಾತ್ರ ತಂಗಿ ತಲೆ ತಗ್ಗಿಸಿದಳು.

"ಹಂಗಾದ್ರ ಹೊಟ್ಟಿ ಕೊಯ್ಯೂದು ಬ್ಯಾಡ, ಬರೇ ಕೊಬ್ಬು ತೆಗೆಸ್ತೀನಿ" ಎಂದಳು ಹುಡುಗಿ. ಕೊಳವೆಯಿಂದ ಚರ್ಮದಡಿಯ ಕೊಬ್ಬು ಹೀರುವುದು. ಅದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ, ಆಕಾರ ತಿದ್ದುವುದು ಅಷ್ಟೆ. ಕನ್ನಡ ಧಾರಾವಾಹಿಗಳಲ್ಲಿ ನಟಿಸುತ್ತಿದ್ದ ಚೇತನಾ ರಾಜ್ 2022ರ ಮೇ 16ರಂದು ಬೆಂಗಳೂರಿನಲ್ಲಿ ಇದನ್ನೇ ಮಾಡಿಸಿಕೊಳ್ಳಲು ಹೋಗಿ ಅದೇ ದಿನ ತೀರಿಕೊಂಡಳು. ವಯಸ್ಸು 21. ತಂದೆತಾಯಿಗೆ ತಿಳಿಸದೇ ಹೋಗಿದ್ದಳೆಂದು ಪತ್ರಿಕೆಗಳು ಬರೆದವು. ರಾಯಚೂರಿನ ನಾವು ತೆಲುಗು ಸಿನಿಮಾ ನೋಡಿ ಬೆಳೆದವರು. ಆರತಿ ಅಗರ್ವಾಲ್ ನಮಗೆ ಮನೆಯ ಹುಡುಗಿಯಂತೆ. ಆಕೆಯೂ ಅಮೆರಿಕದಲ್ಲಿ ಕೊಬ್ಬು ತೆಗೆಸಿಕೊಂಡು, ಕೆಲವೇ ವಾರಗಳಲ್ಲಿ, 2015ರ ಜೂನ್ 6ರಂದು ತೀರಿಹೋದಳು. 31 ವರ್ಷ.

ದೇವದುರ್ಗದ ಕಡೆ ಹಳ್ಳಿಯೊಂದರಲ್ಲಿ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಹೆಣ್ಣುಮಕ್ಕಳು ತಲೆಸುತ್ತಿ ಬೀಳುತ್ತಿದ್ದರು. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಿಗೆ ಮೊಟ್ಟೆ ಬಂದದ್ದೇ ಇಂಥ ಮಕ್ಕಳಿಗಾಗಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ, ಸುಮಾರು 30 ಮಂದಿಗೆ ತೂಕ ಹೆಚ್ಚು. ಎರಡೂ ಒಬ್ಬಳಲ್ಲೇ ಇರಬಹುದು. ಅಂಥವಳ ಜಠರ ಕತ್ತರಿಸಿದರೆ ಕಬ್ಬಿಣ ಎಲ್ಲಿಂದ ಬರಬೇಕು?

ನಮ್ಮ ತೂಕ ಎಲ್ಲಿಂದ ಬಂತೆಂಬುದೂ ಗುಟ್ಟಲ್ಲ. ತುಂಗಭದ್ರೆಯ ಕಾಲುವೆ ಬಂದು ಮಾನ್ವಿಯಲ್ಲಿ ಭತ್ತ ಬೆಳೆಯಿತು, ಒಳ್ಳೆಯದೇ ಆಯಿತು. ಆದರೆ ಮೂರು ಹೊತ್ತೂ ಅನ್ನವಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ನೆಂಟರು ಕೇಳಿದಾಗ ಮಾಡುವ ಅಡಿಗೆಗಳಾದವು. ಸಂಜೆ ಒಗ್ಗರಣಿ ಮಿರ್ಚಿ, ದಿನಕ್ಕೆ ಐದು ಸಲ ಸಕ್ಕರೆ ಚಹಾ, ನಾಲ್ಕು ಹೆಜ್ಜೆಗೂ ಆಟೊ. (ಮಿರ್ಚಿ ವಿಷಯದಲ್ಲಿ ನಾನೂ ಪಾಪಿಯೇ.) ಚೆನ್ನೈನವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ತಿದ್ದಿ, ನಡೆಯಲು ಸುರುಮಾಡಿದ್ದಕ್ಕೇ ಅಪಾಯ ನೂರಕ್ಕೆ 28.5ರಷ್ಟು ಇಳಿಯಿತು. 2017ರಲ್ಲಿ ಬ್ರಿಟನ್ನಿನಲ್ಲಿ ಡಾಕ್ಟರರ ಕಣ್ಗಾವಲಿನಲ್ಲಿ ಊಟ ಕಟ್ಟುನಿಟ್ಟು ಮಾಡಿಸಿದಾಗ, ಸಕ್ಕರೆ ಕಾಯಿಲೆ ಇದ್ದವರಲ್ಲಿ ನೂರಕ್ಕೆ 46 ಮಂದಿಯ ಕಾಯಿಲೆ ವರ್ಷದೊಳಗೆ ಹಿಮ್ಮೆಟ್ಟಿತು. 2025ರಿಂದ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳೂ ನಮ್ಮ ದೇಶಕ್ಕೆ ಬಂದಿವೆ. ಬೇಕಾದವರಿಗೆ ಅವು ಬೇಕು. ಆದರೆ ವಾಕರಿಕೆ ಜೊತೆಗೇ ಬರುತ್ತದೆ, ಬಿಟ್ಟರೆ ತೂಕ ಮರಳುತ್ತದೆ. ಅದನ್ನೂ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವುದಲ್ಲ.

ನಡೆಯಿರಿ ಎಂದು ಹೇಳುವುದು ಸುಲಭ. ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ ಎಂಟಕ್ಕೇ ನೆತ್ತಿ ಸುಡುತ್ತದೆ. ನಸುಕಿನಲ್ಲಿ ಹೆಣ್ಣು ಒಬ್ಬಳೇ ಹೊರಟರೆ ಚಹಾದಂಗಡಿಯವರೆಲ್ಲ ತಿರುಗಿ ನೋಡುತ್ತಾರೆ. ಊರಿನವರು ಹೆಣ್ಣುಮಕ್ಕಳಿಗೆ ನಡೆಯಲು ಒಂದು ದಾರಿ ಬಿಟ್ಟುಕೊಡಲಿ, ಆಮೇಲೆ ದಪ್ಪ ಎನ್ನಲಿ.

ಹುಡುಗಿ ಈಗ ನನ್ನ ಮನೆಯಲ್ಲೇ ಇದ್ದಾಳೆ. ಐದೂವರೆಗೆ ಇಬ್ಬರೂ ಹೊರಡುತ್ತೇವೆ. ದಾರಿಯುದ್ದಕ್ಕೂ ನನ್ನನ್ನು ಬಯ್ಯುತ್ತಾಳೆ. ಐದು ವಾರಕ್ಕೆ ಎರಡು ಕಿಲೊ ಇಳಿದಿದೆ, ಅವಳ ಮನಸ್ಸಿಗೆ ಅದು ಏನೂ ಅಲ್ಲ. ದುಡ್ಡು ಕೊಡಲಿಲ್ಲವೆಂದು ತಂಗಿ ನನ್ನ ಕೂಡ ನೆಟ್ಟಗೆ ಮಾತಾಡುತ್ತಿಲ್ಲ. ಬರುವ ರವಿವಾರ ಲಿಂಗಸುಗೂರಿನ ಕಡೆಯವರು ನೋಡಲು ಬರುವವರಿದ್ದಾರೆ. ಫಲಹಾರಕ್ಕೆ ಮಿರ್ಚಿ ಮಾಡಬೇಕೋ ಬೇಡವೋ ಕೇಳೆಂದು ಮಗಳ ಕೈಲಿ ಹೇಳಿಸಿದ್ದಾಳೆ.