ಬಡವನ ಸಾಕ್ಷ್ಯಕ್ಕೆ ರಕ್ಷೆಯೆಲ್ಲಿ?

ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಯಿತು. ಆದರೆ ನಾಡಿನ ಬಡವನಿಗೆ ಅಭಯವು ದೊರೆಯಿತೇ? 2000ದ ಮಾರ್ಚಿಯಲ್ಲಿ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತವಾಗಿ ದಹಿಸಲ್ಪಟ್ಟರು. ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಕಾಯಿದೆಯಿರಲಿಲ್ಲವೇ? 1989ರ ದೌರ್ಜನ್ಯ ತಡೆ ಕಾಯಿದೆಯಿದ್ದಿತು. ಆದರೆ ಯಾರ ಹೊಲದಲ್ಲಿ ಕೂಲಿಯೋ ಅವರ ವಿರುದ್ಧವೇ ನುಡಿಯಬೇಕಾದವನು, ಕಾಯುವವರಿಲ್ಲದೆ, ಧೈರ್ಯವನ್ನು ಎಲ್ಲಿಂದ ತಂದಾನು? 2015ರ ತಿದ್ದುಪಡಿಯು ಸಾಕ್ಷಿಗಳ ರಕ್ಷಣೆಯ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿದೆ. ಅವರ ದಾರಿಖರ್ಚನ್ನೂ ಕೊಡಬೇಕೆಂದು ವಿಧಿಸಿದೆ. ಈ ವಿಧಿಯು ಕಾಗದದಲ್ಲಿಯೇ ಉಳಿಯದೆ ಪ್ರತಿಯೊಂದು ಪೋಲೀಸು ಠಾಣೆಯಲ್ಲಿಯೂ ಆಚರಣೆಗೆ ಬರಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಗಡಿಗಳು ಅಳಿದ ಮಾತ್ರಕ್ಕೆ ನಾಡು ಒಂದಾಗದು. ಬಡವನು ಕಟಕಟೆಯಲ್ಲಿ ನಿಂತು ನಿರ್ಭಯನಾಗಿ ನಿಜವನ್ನು ನುಡಿದಂದೇ ಏಕೀಕರಣವು ಸಾರ್ಥಕವು.