ನಾಲಿಗೆಯ ಕೆಳಗೂ ನೋಡಿ



ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹದಲ್ಲಿ ಎದೆಹಾಲಿನ ಮಹತ್ವ ಹೇಳುತ್ತಾರೆ. ಕುಡಿಯಲಾಗದ ಮಗುವಿನ ಮಾತು ಅಲ್ಲಿ ಬರುವುದು ಅಪರೂಪ. ನನ್ನ ಚೊಚ್ಚಲ ಮಗು ಗಂಟೆಗಟ್ಟಲೆ ಎದೆ ಚೀಪಿದರೂ ಹಸಿದೇ ಅಳುತ್ತಿತ್ತು. ನನ್ನ ತೊಟ್ಟು ಬಿರಿದು ರಕ್ತ ಬರುತ್ತಿತ್ತು. 'ನಿನಗೆ ಹಾಲು ಸಾಲದು, ಡಬ್ಬಿ ಹಾಲು ಹಾಕು' ಎಂದವರೇ ಎಲ್ಲ. ಹದಿನೆಂಟನೆಯ ದಿನ ವೈದ್ಯರೊಬ್ಬರು ಮಗುವಿನ ನಾಲಿಗೆ ಎತ್ತಿ ನೋಡಿದರು. ಕೆಳಗಿನ ತೆಳುಪೊರೆ ತುದಿಯವರೆಗೂ ಬಿಗಿದಿತ್ತು. ನಾಲಿಗೆ ಮುಂದೆ ಚಾಚದಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚುತ್ತದೆ, ಹಾಲು ಸರಿಯಾಗಿ ಇಳಿಯುವುದಿಲ್ಲ. ಪೊರೆ ಬಿಡಿಸಲು ನಿಮಿಷವೂ ಹಿಡಿಯಲಿಲ್ಲ. ಎಲ್ಲ ಮಕ್ಕಳಿಗೂ ಕತ್ತರಿ ಬೇಕಿಲ್ಲ. ಎಷ್ಟೋ ಸಲ ಮಗುವನ್ನು ಎದೆಗೆ ಹಿಡಿಯುವ ರೀತಿ ತಿದ್ದಿದರೆ ಸಾಕು. ಮಗು ಸರಿಯಾಗಿ ಕುಡಿಯುವವರೆಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ನಮ್ಮಜ್ಜಿ ಕಲಿಸಿದ್ದು ಅದನ್ನೇ, ನನ್ನ ಹಾಲು ಬತ್ತದೆ ಉಳಿದದ್ದೂ ಅದರಿಂದಲೇ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯರು 42 ದಿನಗಳಲ್ಲಿ ಆರು ಬಾರಿ ಮನೆಗೆ ಬರುತ್ತಾರೆ. ತೂಕ ನೋಡುವ ಹೊತ್ತಿನಲ್ಲೇ ಮಗುವಿನ ನಾಲಿಗೆಯನ್ನೂ ನೋಡುವ ತರಬೇತಿ ಅವರಿಗೆ ಸಿಗಲಿ. ಅನುಮಾನ ಬಂದರೆ ಮಾಗಡಿಯಲ್ಲೇ ಚಿಕಿತ್ಸೆ ದೊರೆಯಲಿ. ಹಸಿ ಬಾಣಂತಿ ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಅಲೆಯುವಂತಾಗಬಾರದು.

– ಒಬ್ಬ ತಾಯಿ, ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು